ಲ್ಯಾಬ್ ಕಾಕಾರ ಕೈ ಜಾರಿದ ದಿನ

ಹೋದ ವಾರ ಗೋಕಾಕದ ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂತು. ಅದಕ್ಕೆ ಜಾಗ ಮಾಡಲು ಹಳೆಯ ಕಪಾಟು ಸರಿಸುವಾಗ ಮೂಲೆಯಲ್ಲಿದ್ದ ಅಯೋಡಿನ್ ಬಾಟಲಿ ಉರುಳಿ, ಕೋಣೆಯ ತುಂಬ ಕಟುವಾದ ವಾಸನೆ ಹರಡಿತು. ಯಂತ್ರ ಜೋಡಿಸಲು ಬಂದಿದ್ದ ಇಂಜಿನಿಯರ್ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಒರೆಸುವ ಬಟ್ಟೆ ಹಿಡಿದು ನಗುತ್ತ ನಿಂತುಬಿಟ್ಟೆ. ಮೂಡಲಗಿ ದವಾಖಾನೆಯ ಲ್ಯಾಬ್ ಕಾಕಾರ ಬೆರಳುಗಳಿಗೆ ಸದಾ ಇದೇ ವಾಸನೆ ಇರುತ್ತಿತ್ತು...

ಆಗ ನಾನು ಒಂಬತ್ತನೇ ಇಯತ್ತೆ. ಮುಖ ಸುಣ್ಣ ಬಳಿದಂತೆ ಬಿಳಚಿಕೊಂಡಿತ್ತು. ಸಾಲಿಯಲ್ಲಿ ಪ್ರಾರ್ಥನೆಗೆ ನಿಂತರೆ ತಲೆ ಸುತ್ತಿ ಬೀಳುತ್ತಿದ್ದೆ. ಎರಡು ತಿಂಗಳು ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರಲಿಲ್ಲ. ಅಜ್ಜಿ ದೃಷ್ಟಿ ತೆಗೆದು ತೆಗೆದು ಸಾಕಾಗಿ, 'ಸಾಲಿ ಬಿಡಸ್ರಿ' ಎಂದು ಹಟ ಹಿಡಿದಿದ್ದಳು. ಅವ್ವ ಅರ್ಧ ಒಪ್ಪಿಯೂ ಆಗಿತ್ತು. ಕಡೆಯ ಪ್ರಯತ್ನವೆಂದು ಡಾಕ್ಟರು ಮಲ ಪರೀಕ್ಷೆ ಬರೆದುಕೊಟ್ಟರು.

ಹದಿನಾಲ್ಕರ ಹುಡುಗಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇದೆಯೇ? ನನ್ನದನ್ನು ಯಾರೋ ಗಂಡಸು ದುರ್ಬೀನು ಹಚ್ಚಿ ನೋಡುವುದೆಂದರೆ! ಬೆಳಿಗ್ಗೆ ಯಾರಿಗೂ ತಿಳಿಯದಂತೆ ಮೂರು ವರ್ಷದ ತಂಗಿಯದನ್ನು ಡಬ್ಬಿಗೆ ತುಂಬಿಬಿಟ್ಟೆ. ಬಸ್ಸಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ಅವ್ವ ಆ ಡಬ್ಬಿಯನ್ನು ಖಾಲಿ ಕರದಂಟಿನ ಪೆಟ್ಟಿಗೆಯಲ್ಲಿಟ್ಟಳು. ನಮ್ಮ ಕಡೆ ಕರದಂಟಿನ ಪೆಟ್ಟಿಗೆ ಕೈಯಲ್ಲಿದ್ದರೆ ಯಾರು ಸುಮ್ಮನೆ ಬಿಡುತ್ತಾರೆ? ಬಾಜೂ ಕೂತ ದೂರದ ಬೀಗರು ಕೈ ಚಾಚಿಯೇಬಿಟ್ಟರು.

"ಏನವಾ, ಬಾಯಿ ಸಿಹಿ ಮಾಡೂದಿಲ್ಲೇನ?"

"ದೇವರಿಗೆ ಒಯ್ಯಾಕತ್ತೇವ್ರಿ, ಎಂಜಲ ಮಾಡಬಾರದು" ಎಂದು ಅವ್ವ ಪೆಟ್ಟಿಗೆಯನ್ನು ಸೆರಗಿನೊಳಗೆ ಬಚ್ಚಿಟ್ಟಳು. ಬೀಗರು ಪೆಟ್ಟಿಗೆಗೆ ಭಕ್ತಿಯಿಂದ ಕೈ ಮುಗಿದರು. ಆ ದೃಶ್ಯ ನೆನೆದರೆ ಈಗಲೂ ನನಗೆ ನಗು ತಡೆಯುವುದಿಲ್ಲ.

ಲ್ಯಾಬ್ ಕಾಕಾ ಡಬ್ಬಿ ತೆರೆದು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಡಬ್ಬಿ ನೋಡಿದರು.

"ಗುಳಿಗಿ ದಿನಾ ತಿಂತೀಯೇನವಾ?"

"ನನ್ನ ಎದುರಿಗೇ ನುಂಗಸ್ತೇನ್ರಿ" ಎಂದಳು ಅವ್ವ.

ಅವರು ಅವ್ವನನ್ನು ಹೆಸರು ಬರೆಸಲು ಹೊರಗೆ ಕಳಿಸಿದರು. ಆಮೇಲೆ ದನಿ ಇಳಿಸಿ, "ಕಬ್ಬಿಣದ ಗುಳಿಗಿ ತಿಂದಾಕಿದು ಕರ್ರಗಿರತೈತಿ ತಂಗಿ. ಇದು ಹಳದಿ ಐತಿ. ಖರೆ ಹೇಳು, ಯಾರದು?" ಎಂದರು. ನನಗೆ ಅಳುವೇ ಬಂತು. ಅವರು ಬೈಯಲಿಲ್ಲ. "ನಾ ದಿನಾ ಊರ ಮಂದೀದು ನೋಡಾಂವ. ರಾಜನದೂ ಅಷ್ಟ, ರಾಣೀದೂ ಅಷ್ಟ" ಎಂದು ನಕ್ಕರು. ಅಷ್ಟರಲ್ಲಿ ಅವ್ವ ಒಳಗೆ ಬಂದಳು. ಕಾಕಾ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿ ಅವಳತ್ತ ತಿರುಗಿದರು.

"ನನ್ನ ಕೈ ಜಾರಿ ಚೆಲ್ಲಿತ್ರಿ ಅವ್ವಾರ. ತಪ್ಪ ನಂದು. ನಾಳೆ ಇನ್ನೊಮ್ಮೆ ತರ್ರಿ."

ಕಬ್ಬಿನ ಕಳೆ ಕೆಲಸ ಬಿಟ್ಟು ಬಂದಿದ್ದ ಅವ್ವ ಅಲ್ಲಿಯೇ ಅವರಿಗೆ ಯಥೇಚ್ಛ ಮಂಗಳಾರತಿ ಮಾಡಿದಳು. ಕಾಕಾ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು.

ಮರುದಿನ ನಿಜವಾದದ್ದನ್ನೇ ಒಯ್ದೆ. ಕೊಕ್ಕೆಹುಳು! ಬರಿಗಾಲಲ್ಲಿ ಹಸಿ ಹೊಲ ತಿರುಗುವಾಗ ಪಾದದಿಂದ ಒಳಹೊಕ್ಕು, ಕರುಳಿನಲ್ಲಿ ಕೂತು ನನ್ನ ರಕ್ತ ಕುಡಿಯುತ್ತಿತ್ತು. ಕಾಕಾ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಿಸಿದರು. ನೆನೆಸಿದ ಸಾಬೂದಾನಿಯಂಥ ಮೊಟ್ಟೆಗಳು. "ನಿನ್ನ ಮನಿ ಬಾಡಿಗಿದಾರರು" ಎಂದರು. ನಾಚಿಕೆ ಎಲ್ಲಿ ಹೋಯಿತೋ, ನಾನು ಕಣ್ಣು ತೆಗೆಯಲೇ ಇಲ್ಲ. ಹುಳದ ಔಷಧಿ ಬಿತ್ತು, ಕಾಲಿಗೆ ಚಪ್ಪಲಿ ಬಂತು, ಮೂರು ತಿಂಗಳಲ್ಲಿ ಕೆನ್ನೆಗೆ ಬಣ್ಣ ಬಂತು. ಸಾಲಿ ಬಿಡಿಸುವ ಮಾತು ಅಲ್ಲಿಗೇ ನಿಂತಿತು. ಮುಂದೆ ನಾನು ಇದೇ ವಿದ್ಯೆ ಕಲಿತೆ.

ಅವ್ವನಿಗೆ ಮಾತ್ರ ಅವರು ಕಡೆಯವರೆಗೂ 'ಕೈ ಸಡಿಲಿನ ಕಾಕಾ'. ನಿವೃತ್ತರಾಗಿ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿದ್ದ ಅವರು ಮೂರು ತಿಂಗಳ ಹಿಂದೆ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗಲೂ ಅವ್ವ ಅವರ ಹೆಂಡತಿಯ ಮುಂದೆ, "ಭಾಳ ಛಲೋ ಮನಷ್ಯಾ. ಕೈ ಅಷ್ಟ ಸಡಿಲ ಇತ್ರಿ" ಎಂದುಬಿಟ್ಟಳು. ಆ ತಾಯಿ ಅಚ್ಚರಿಯಿಂದ, "ಅವರ ಕೈಯಾಗಿಂದ ಒಂದು ಕಪ್ಪು ಸೈತ ಬಿದ್ದದ್ದು ನಾ ನೋಡಿಲ್ಲವಾ" ಎಂದರು. ನಾನು ಬಾಯಿ ಬಿಡಲಿಲ್ಲ. ಅದು ನನ್ನ ಹೇಡಿತನ.

ಹೊಸ ಯಂತ್ರ ಜಾಣ. ಗಾಜಿನ ಪಟ್ಟಿ ಇಟ್ಟರೆ ನೂರಾರು ಫೋಟೋ ತೆಗೆದು, ಮೊಟ್ಟೆಗಳಿಗೆ ಕೆಂಪು ಚೌಕ ಹಾಕಿ, ಎಣಿಸಿಯೂ ಕೊಡುತ್ತದೆ. ಮಲೇರಿಯಾಕ್ಕಂತೂ ಈಗ ಯಂತ್ರವೂ ಬೇಡ, ಒಂದು ಹನಿ ರಕ್ತ, ಒಂದು ಪರೀಕ್ಷಾ ಪಟ್ಟಿ ಸಾಕು. ಕಾಕಾ ಇದ್ದಿದ್ದರೆ ಕುರ್ಚಿ ಎಳೆದುಕೊಂಡು ಯಂತ್ರದೊಂದಿಗೆ ಪಂದ್ಯ ಕಟ್ಟುತ್ತಿದ್ದರು... ಅವರಿಗೆ ಇದನ್ನು ತೋರಿಸಲಾಗಲಿಲ್ಲವೆಂದು ಬಹಳ ಸಂಕಟವಾಯಿತು. ಯಂತ್ರ ಗಾಜಿನ ಮೇಲಿನದನ್ನೆಲ್ಲ ನೋಡುತ್ತದೆ. ಡಬ್ಬಿ ತಂದವಳ ಮುಖವನ್ನು ನೋಡುವ ಕೆಲಸ ಇನ್ನೂ ನಮ್ಮದೇ.

ಆ ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಇದ್ದಾಗ ಹೇಳಬಾರದಿತ್ತೇನ? ಒಮ್ಮೆ ಕೈ ಮುಗದ ಬರತಿದ್ದೆ" ಎಂದಳು.

ಅವಳೇ ನನ್ನ ಫೋನನ್ನು ಎತ್ತಿ ಕೈಗೆ ಕೊಟ್ಟಳು. "ಹತ್ತರಗಿಗೆ ಹಚ್ಚು. ಕಾಕಾರ ಹೆಂಡತಿಗೆ ಹೇಳಬೇಕು, ಅವರ ಕೈ ಸಡಿಲ ಇದ್ದಿಲ್ಲಂತ."