ಆರತಿಗೆ ಮಾತ್ರ ತೆರೆದ ಕೋಣೆ

ಕೀಬೋರ್ಡಿಗೆ ಅಂಟಿದ್ದ ಹಳೆಯ ಕುಂಕುಮವನ್ನು ಲಂಗದ ತುದಿಯಿಂದ ಒರೆಸಿ, ಏಳನೇ ತರಗತಿಯ ಭಾಗ್ಯ ಎರಡೂ ಕೈಗಳನ್ನು ಅದರ ಮೇಲಿಟ್ಟಳು. ನಾನು ಕಂಪ್ಯೂಟರಿನ ಸ್ವಿಚ್ಚನ್ನು ನಾಲ್ಕನೇ ಸಲ ಒತ್ತಿದೆ. ಪರದೆ ಕಪ್ಪಾಗಿಯೇ ಇತ್ತು.

ಸಾರಕ್ಕಿ ಕಡೆಯ ನಮ್ಮ ಸರ್ಕಾರಿ ಶಾಲೆಗೆ ಅದು ಬಂದು ಮೂರು ವರ್ಷವಾಗಿತ್ತು. "ಕೆಟ್ಟೋದ್ರೆ ಮೇಲಿನವರಿಗೆ ಉತ್ತರ ಕೊಡೋರ್ಯಾರು ಮೇಡಂ?" ಎಂದು ಹೆಡ್‌ಮಾಸ್ಟರು ಅದನ್ನಿಟ್ಟ ಕೋಣೆಗೆ ಬೀಗ ಹಾಕಿಸಿದ್ದರು. ಪ್ರತಿ ಆಯುಧಪೂಜೆಗೆ ಬೀಗ ತೆಗೆದು, ಹೂವಿಟ್ಟು, ಆರತಿ ಎತ್ತಿ, ಮತ್ತೆ ಬಟ್ಟೆ ಮುಚ್ಚುತ್ತಿದ್ದೆವು. ಕಂಪ್ಯೂಟರ್ ಕಲಿಸಲೆಂದೇ ಹತ್ತು ದಿನ ತರಬೇತಿ ಪಡೆದು ಬಂದಿದ್ದ ನಾನೂ ಜಗಳವಾಡಲಿಲ್ಲ. ರಟ್ಟಿನ ಮೇಲೆ ಕೀಬೋರ್ಡ್ ಬರೆದು, ಮಕ್ಕಳಿಗೆ ಅದರಲ್ಲೇ ಬೆರಳಾಡಿಸಲು ಹೇಳಿಕೊಟ್ಟೆ. ಶಾಲೆ ಬಿಟ್ಟುಹೋಗುವ ಏಳನೆಯವರು ಒಂದು ಸಲವಾದರೂ ನಿಜವಾದದ್ದನ್ನು ಮುಟ್ಟಲಿ ಎಂದು, ಕೊನೆಯ ದಿನ ಹಠ ಹಿಡಿದು ಬೀಗದ ಕೈ ಇಸಿದುಕೊಂಡಿದ್ದೆ.

"ಇದು ಆನ್ ಆಗಲ್ಲಮ್ಮ, ಏಳು" ಎಂದೆ. ಭಾಗ್ಯ ಏಳಲಿಲ್ಲ. ಅಕ್ಷರಗಳ ಕಡೆ ನೋಡದೆಯೇ ಟಕಟಕನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದಳು. ಒಂದು ಬೆರಳೂ ತಪ್ಪಲಿಲ್ಲ.

"ಬರೆದ್ಬಿಟ್ಟೆ ಮಿಸ್. ರಿಪೇರಿ ಆದ್ಮೇಲೆ ಕಾಣ್ಸುತ್ತೆ ಅಲ್ವಾ?"

ಹೂಂ ಎಂದುಬಿಟ್ಟೆ. ಅದನ್ನು ರಿಪೇರಿಗೆ ಯಾರೂ ಒಯ್ಯಲಿಲ್ಲ. ಮುಂದಿನ ಆಯುಧಪೂಜೆಯಲ್ಲಿ ಅದೇ ಕಪ್ಪು ಪರದೆಗೆ ಕುಂಕುಮ ಇಟ್ಟವಳು ನಾನೇ.