ಮೈಲುತುತ್ತದ ಡ್ರಮ್ಮು

2022ರ ಮೇ ತಿಂಗಳು. ಕರಾವಳಿಯ ಒಂದು ಸೀಗಡಿ ಹ್ಯಾಚರಿಯಲ್ಲಿ, ಅಂದರೆ ಸೀಗಡಿ ಮರಿ ಮಾಡಿಸುವ ಕೇಂದ್ರದಲ್ಲಿ, ಇಪ್ಪತ್ತಾರು ವರ್ಷ ಪಾಚಿ ವಿಭಾಗ ನೋಡಿಕೊಂಡು, ಸ್ವಯಂನಿವೃತ್ತಿ ತೆಗೆದುಕೊಂಡು, ಗಂಡನ ಊರಾದ ಪೊನ್ನಂಪೇಟೆಗೆ ಬಂದು ನನಗೆ ಎರಡು ವರ್ಷವಾಗಿತ್ತು. ಕೆಲಸ ಬಿಟ್ಟರೂ ಗತ್ತು ಬಿಟ್ಟಿರಲಿಲ್ಲ. ಹ್ಯಾಚರಿಯಲ್ಲಿ ನನ್ನ ಕೈಕೆಳಗಿನವರು ನಾನು ಬರುವ ಹೆಜ್ಜೆ ಸಪ್ಪಳ ಕೇಳಿದರೆ ಮಾತು ನಿಲ್ಲಿಸುತ್ತಿದ್ದರು. ಅದನ್ನು ನಾನು ಗೌರವ ಎಂದೇ ತಿಳಿದುಕೊಂಡಿದ್ದೆ.

ಊರಿನಿಂದ ಎರಡು ಕಿಲೋಮೀಟರ್ ದೂರದ ಕಾಫಿ ಎಸ್ಟೇಟಿನ ಮಾಲೀಕ ಬೋಪಯ್ಯನವರು ತಮ್ಮ ಬಂಗಲೆಯ ಹಾಲ್‌ನಲ್ಲಿ ನಾನೂರು ಲೀಟರಿನ ರೀಫ್ ಟ್ಯಾಂಕ್ ಇಟ್ಟಿದ್ದರು. ರೀಫ್ ಟ್ಯಾಂಕ್ ಎಂದರೆ ಬರೀ ಬಣ್ಣದ ಮೀನಿನ ತೊಟ್ಟಿಯಲ್ಲ. ಅದರಲ್ಲಿ ಜೀವಂತ ಹವಳ, ಕಪ್ಪೆಚಿಪ್ಪು, ಬೀಸಣಿಗೆಯ ಹಾಗೆ ಅರಳುವ ಹುಳ ಎಲ್ಲ ಇರುತ್ತವೆ. ಇವುಗಳಲ್ಲಿ ಹಲವಕ್ಕೆ ಆಹಾರ ಫೈಟೋಪ್ಲಾಂಕ್ಟನ್, ಅಂದರೆ ಸಮುದ್ರದ ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಕೋಟಿಗಟ್ಟಲೆ ಸೇರಿದಾಗ ಮಾತ್ರ ನೀರು ಹಸಿರಾಗಿ ಕಾಣುತ್ತದೆ. ಬೋಪಯ್ಯನವರು ಇದನ್ನು ಕೊರಿಯರ್‌ನಲ್ಲಿ ತರಿಸುತ್ತಿದ್ದರು. ದಾರಿಯಲ್ಲೇ ಸತ್ತು, ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ ಬರುತ್ತಿತ್ತು. ಹಾಗಾಗಿ ನನ್ನನ್ನು ಹುಡುಕಿಕೊಂಡು ಬಂದರು.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಲೀಟರಿನ ಹನ್ನೆರಡು ಬಾಟಲಿ ಸಾಲಾಗಿ ಇಟ್ಟೆ. ಪ್ರತಿ ಬಾಟಲಿಗೂ ಉಪ್ಪುನೀರು, ಲೀಟರಿಗೆ ಒಂದು ಎಂಎಲ್ ಪೋಷಕದ್ರವ, ಒಂದು ಗಾಳಿಯ ಕೊಳವೆ. ದಿನಕ್ಕೆ ಹದಿನಾರು ಗಂಟೆ ಟ್ಯೂಬ್‌ಲೈಟ್ ಬೆಳಕು. ವಾರದಲ್ಲಿ ನೀರು ಕಡು ಹಸಿರಾಗುತ್ತದೆ. ಆಗ ಮೂರರಲ್ಲಿ ಎರಡು ಪಾಲು ತೆಗೆದು ಟ್ಯಾಂಕಿಗೆ ಕೊಟ್ಟು, ಉಳಿದ ಒಂದು ಪಾಲಿಗೆ ಹೊಸ ಉಪ್ಪುನೀರು ತುಂಬಬೇಕು. ಮೊಸರಿಗೆ ಹೆಪ್ಪು ಉಳಿಸಿಕೊಂಡಂತೆ. ಆ ಹೆಪ್ಪು ಹೋಯಿತೋ, ಎಲ್ಲ ಹೋಯಿತು.

ಸಹಾಯಕ್ಕೆ ಬೋಪಯ್ಯನವರು ತಮ್ಮ ಎಸ್ಟೇಟಿನ ಜಯಮ್ಮನನ್ನು ಕಳಿಸಿದರು. ಶಿರಂಗಾಲದ ಕಡೆಯ ರೈತರ ಮನೆಯವಳು. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಕಟ್ಟಿಕೊಂಡು ಬಂದು, ಹನ್ನೊಂದು ವರ್ಷದಿಂದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ, ಇದ್ದಳು. ಮಗಳು ಪೊನ್ನಂಪೇಟೆಯಲ್ಲಿ ಪಿಯುಸಿ ಓದುತ್ತಿದ್ದಳು. ಕೆಲಸ ಇದ್ದರೆ ಲೈನಿನ ಮನೆ, ಲೈನಿನ ಮನೆ ಇದ್ದರೆ ಮಗಳ ಕಾಲೇಜು. ಅವಳ ಬದುಕಿನ ಲೆಕ್ಕ ಅಷ್ಟೇ ಇತ್ತು, ಅದು ನನಗೂ ಗೊತ್ತಿತ್ತು.

ಜಯಮ್ಮ ಎರಡೇ ತಿಂಗಳಲ್ಲಿ ಕೆಲಸ ಕಲಿತಳು. ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿ, ಇದು ಇನ್ನು ಎರಡು ದಿನಕ್ಕೆ ಬೀಳುತ್ತದೆ ಎಂದರೆ ಸರಿಯಾಗಿ ಎರಡು ದಿನಕ್ಕೆ ಪಾಚಿ ತಳಕ್ಕೆ ಕೂರುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ನಾನು ನೋಡಿ ಹೇಳುವ ಹೊತ್ತಿಗೆ ಅವಳು ಹೇಳಿಯಾಗಿರುತ್ತಿತ್ತು. ನನಗೆ ಅದು ಹಿಡಿಸುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದು ಈಗ ಬರೆಯಬಲ್ಲೆ. ಆಗ ಅದನ್ನು ಶಿಸ್ತು ಎಂದು ಕರೆದು, ಸಣ್ಣ ತಪ್ಪಿಗೂ ಅವಳನ್ನು ಮಂಕು ಎಂದು ಹಂಗಿಸುತ್ತಿದ್ದೆ.

ಮೇ 17, ಮಂಗಳವಾರ. ಬಂಗಲೆಯ ಹಿತ್ತಿಲಿನಲ್ಲಿ ಉಪ್ಪುನೀರು ಬೆರೆಸುತ್ತಿದ್ದ ನನ್ನ ಇನ್ನೂರು ಲೀಟರಿನ ಬ್ಯಾರಲ್ ಬಿರುಕು ಬಿಟ್ಟಿತು. ಟ್ಯಾಂಕಿನ ನೀರು ಬದಲಿಸುವ ದಿನ ಆಗಲೇ ಮೀರಿತ್ತು, ಶನಿವಾರ ಬೋಪಯ್ಯನವರ ಮನೆಗೆ ನೆಂಟರು ಬರುವವರಿದ್ದರು. ಎಸ್ಟೇಟಿನ ಸ್ಟೋರಿನಲ್ಲಿ ಒಂದು ನೀಲಿ ಡ್ರಮ್ ಕಂಡಿತು. ತೊಳೆದು ತರಲು ಜಯಮ್ಮನಿಗೆ ಹೇಳಿದೆ.

ಕಾಫಿ ಸೀಮೆಯಲ್ಲಿ ಮಳೆಗಾಲಕ್ಕೆ ಮುಂಚೆ, ರೋಗ ತಗುಲದಂತೆ, ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ ಕರಗಿಸಿ ಎರಡನ್ನೂ ಕೂಡಿಸುತ್ತಾರೆ. ಮೈಲುತುತ್ತ ಎಂದರೆ ತಾಮ್ರದ ಲವಣ. ಹವಳಕ್ಕೂ ಪಾಚಿಗೂ ತಾಮ್ರ ಅಪ್ಪಟ ವಿಷ. ಇದು ನನ್ನ ವೃತ್ತಿಯ ಮೊದಲ ಪಾಠಗಳಲ್ಲಿ ಒಂದು.

ಜಯಮ್ಮ ಡ್ರಮ್ಮಿನ ಮೇಲೆ ಕೈ ಇಟ್ಟುಕೊಂಡೇ ನಿಂತಳು. "ಮೇಡಮ್ಮಾರೆ, ಇದು ಮೈಲುತುತ್ತ ಕಲಸಿದ ಡ್ರಮ್ಮು. ಎಷ್ಟು ತೊಳೆದ್ರೂ ಅಂಚಿನ ಸಂದಿಯೊಳಗೆ ಇರ್ತೈತೆ. ಬ್ಯಾಡ."

ರೈಟರ್, ಅಂದರೆ ಎಸ್ಟೇಟಿನ ಗುಮಾಸ್ತ, ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಅವನ ಎದುರು ಒಬ್ಬ ಲೈನಿನ ಹೆಂಗಸಿನಿಂದ ರಸಾಯನಶಾಸ್ತ್ರ ಕೇಳಿಸಿಕೊಳ್ಳುವುದು ನನಗೆ ಆಗಲಿಲ್ಲ. ನೀನು ಹುಟ್ಟುವ ಮೊದಲೇ ನಾನು ಇದನ್ನು ಓದಿದ್ದೇನೆ, ತಿಕ್ಕುವುದಷ್ಟೇ ನಿನ್ನ ಕೆಲಸ ಎಂದೆ. ಅವಳಿಗೂ ನನಗೂ ಇದ್ದ ವಯಸ್ಸಿನ ಅಂತರ ಹತ್ತು ವರ್ಷವೂ ಇರಲಿಲ್ಲ. ರೈಟರ್ ನಕ್ಕ. ಅವಳು ಮೂರು ಸಲ ತೊಳೆದಳು. ನನ್ನ ಪೆಟ್ಟಿಗೆಯಲ್ಲಿ ಕಾಪರ್ ಟೆಸ್ಟ್ ಕಿಟ್ ಇತ್ತು. ಐದು ನಿಮಿಷದ ಕೆಲಸ. ತೆಗೆದರೆ ಅವಳ ಮಾತಿಗೆ ಬೆಲೆ ಕೊಟ್ಟಂತಾಗುತ್ತದೆ ಎಂದು ತೆಗೆಯಲಿಲ್ಲ.

ಬುಧವಾರ ಆ ನೀರಿನಲ್ಲಿ ಎಂಬತ್ತು ಲೀಟರ್ ಟ್ಯಾಂಕಿಗೆ ಹೋಯಿತು, ಹದಿನಾರು ಲೀಟರ್ ನಮ್ಮ ಮನೆಯ ಬಾಟಲಿಗಳಿಗೆ ಬಂತು. ಶುಕ್ರವಾರದ ಹೊತ್ತಿಗೆ ಹನ್ನೆರಡು ಬಾಟಲಿಯೂ ಹಳದಿಯಾಗಿ ತಳದಲ್ಲಿ ಕೆಸರು ಕೂತಿತ್ತು. ಟ್ಯಾಂಕಿನಲ್ಲಿ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದಿದ್ದವು. ಬೀಸಣಿಗೆ ಹುಳಗಳು ತಮ್ಮ ಗರಿಯನ್ನೇ ಉದುರಿಸಿದ್ದವು. ಆರು ವರ್ಷ ಬೆಳೆಸಿದ ಹವಳದ ಮೈ ಸುಲಿದು ಬಿಳಿ ಮೂಳೆ ಕಾಣುತ್ತಿತ್ತು. ಕಾರಣ ನನಗೆ ಆ ಕ್ಷಣವೇ ಹೊಳೆಯಿತು. ಡ್ರಮ್ಮಿನಲ್ಲಿ ಉಳಿದ ನೀರನ್ನು ಮೊದಲು ಚೆಲ್ಲಿಸಿದೆ.

ಶನಿವಾರ ಬೆಳಿಗ್ಗೆ ಬಂಗಲೆಯ ಜಗಲಿಯಲ್ಲಿ ವಿಚಾರಣೆ. ಬೋಪಯ್ಯನವರು ಕೆಟ್ಟ ಮನುಷ್ಯರಲ್ಲ, ಆದರೆ ಆ ದಿನ ಅವರ ಮುಖ ನೋಡುವ ಹಾಗಿರಲಿಲ್ಲ. ಏನಾಯಿತು ಎಂದು ನನ್ನನ್ನೇ ಕೇಳಿದರು. ಜಯಮ್ಮ ಬಾಟಲಿಗಳಿಗೂ ಡ್ರಮ್ಮಿಗೂ ಸಾಬೂನು ಹಾಕಿ ತೊಳೆದಿದ್ದಾಳೆ, ಸಾಬೂನು ತಗುಲಿದರೆ ಹೀಗೆಯೇ ಆಗುತ್ತದೆ ಎಂದೆ. ಮಾತು ಸಲೀಸಾಗಿ ಬಂತು.

ಮೆಟ್ಟಿಲ ಕೆಳಗೆ ನಿಂತಿದ್ದ ಜಯಮ್ಮ ನನ್ನನ್ನು ನೋಡಿದಳು. ಡ್ರಮ್ಮಿನ ಮೈಲುತುತ್ತದ ಮಾತು ನಾನೇ ತೆಗೆಯುತ್ತೇನೆ ಎಂದು ಕಾದಳು ಅನಿಸುತ್ತದೆ. ನಾನು ತೆಗೆಯಲಿಲ್ಲ. ಕೊನೆಗೆ ಅವಳೇ ಬೋಪಯ್ಯನವರಿಗೆ ಹೇಳಿದಳು: "ಸಾವ್ಕಾರ್ರೆ, ಆ ಡ್ರಮ್ಮಿಗೆ ನೀರು ಬಿಟ್ಟು ಕತ್ತಿ ಅದ್ದಿ ನೋಡಿ."

ಇದು ಎಸ್ಟೇಟಿನ ಪ್ರತಿಯೊಬ್ಬರಿಗೂ ಗೊತ್ತಿರುವ ಪರೀಕ್ಷೆ. ಬೋರ್ಡೋ ಸರಿಯಾಗಿ ಕೂಡಿದೆಯೇ ಎಂದು ತಿಳಿಯಲು ಕಬ್ಬಿಣದ ಕತ್ತಿಯ ಮೊನೆ ಅದ್ದುತ್ತಾರೆ. ತಾಮ್ರ ಹೆಚ್ಚಿದ್ದರೆ ಅಲಗಿನ ಮೇಲೆ ಕೆಂಪು ಕೂರುತ್ತದೆ, ಆಗ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಬೋಪಯ್ಯನವರು ರೈಟರ್ ಕಡೆ ತಿರುಗಿದ್ದರು. ಕತ್ತಿ ತಾ ಎನ್ನುವುದೊಂದೇ ಬಾಕಿ.

"ಉಪ್ಪುನೀರು ಇದ್ದ ಡ್ರಮ್ಮಿಗೆ ಆ ಟೆಸ್ಟ್ ನಡೆಯಲ್ಲ ಸಾರ್" ಎಂದೆ. "ಕ್ಲೋರೈಡ್ ಇದ್ದಲ್ಲಿ ಕಬ್ಬಿಣ ಹೇಗೂ ತುಕ್ಕು ಹಿಡಿದು ಕೆಂಪಾಗುತ್ತೆ. ಇವಳಿಗೆ ಅದೆಲ್ಲಾ ಎಲ್ಲಿ ಗೊತ್ತಾಗಬೇಕು."

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಇಪ್ಪತ್ತಾರು ವರ್ಷದ ಅನುಭವ ನನಗೆ ಕೊಟ್ಟಿದ್ದು ಅದೇ, ಎಷ್ಟು ನಿಜ ಬೆರೆಸಿದರೆ ಸುಳ್ಳು ನಿಲ್ಲುತ್ತದೆ ಎಂಬ ಅಳತೆ. ಬೋಪಯ್ಯನವರು ಕತ್ತಿ ಕೇಳಲಿಲ್ಲ. ಮಂಗಳವಾರ ಎಲ್ಲ ಕೇಳಿಸಿಕೊಂಡಿದ್ದ ರೈಟರ್ ಕೂಡ, ಸ್ಟೋರಿನ ಡ್ರಮ್ಮಿನ ತಪ್ಪು ತನ್ನ ತಲೆಗೆ ಬಂದೀತೆಂದು, ಅವಳ ಪರ ನಿಲ್ಲಲಿಲ್ಲ. ತಪ್ಪಿಗಿಂತ ಸುಳ್ಳು ದೊಡ್ಡದು ಎಂದು ಜಯಮ್ಮನಿಗೆ ಹೇಳಿ, ಮರುದಿನ ಸಂಜೆಯೊಳಗೆ ಲೈನಿನ ಮನೆ ಖಾಲಿ ಮಾಡಿಸುವಂತೆ ರೈಟರ್‌ಗೆ ಹೇಳಿ ಒಳಗೆ ಹೋದರು. ನನಗೆ ಆಗ ನಾಚಿಕೆಯಾಗಲಿಲ್ಲ. ಸದ್ಯ, ಬಚಾವಾದೆ ಅನಿಸಿತು.

ಸೋಮವಾರ ಬೆಳಿಗ್ಗೆ ನಮ್ಮ ಗೇಟಿನ ಕಂಬದ ಮೇಲೆ ಎರಡು ಲೀಟರಿನ ಬಾಟಲಿ ಇತ್ತು. ಒಳಗೆ ಕಡು ಹಸಿರು ನೀರು, ಮೈಮೇಲೆ ಬಿಳಿ ಪ್ಲಾಸ್ಟರ್ ತುಂಡು, ಅದರಲ್ಲಿ ಜಯಮ್ಮನ ದಪ್ಪಕ್ಷರ: "17 ಮಂಗಳವಾರ". ಡ್ರಮ್ ತೊಳೆದ ದಿನವೇ, ಹೊಸ ನೀರು ಬೀಳುವ ಮೊದಲು, ಅವಳು ಹೆಪ್ಪನ್ನು ಬೇರೊಂದು ಬಾಟಲಿಗೆ ಬಗ್ಗಿಸಿ ಮನೆಗೊಯ್ದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದಳು. ಪಂಪಿಲ್ಲದೆ, ಬರೀ ಕೈಯಲ್ಲಿ ಕುಲುಕಿ ಬದುಕಿಸಿದ್ದಳು. ಗಂಟುಮೂಟೆ ಕಟ್ಟಿ ಊರು ಬಿಡುವಾಗ ನನ್ನ ಗೇಟಿಗೆ ತಂದಿಟ್ಟು ಹೋಗಿದ್ದಳು.

ನಾನು ಮಾಡಿದ ಮೊದಲ ಕೆಲಸ ಆ ಪ್ಲಾಸ್ಟರನ್ನು ಕಿತ್ತು ಒಲೆಗೆ ಹಾಕಿದ್ದು. ಆ ದಿನಾಂಕ ಬೋಪಯ್ಯನವರ ಕಣ್ಣಿಗೆ ಬಿದ್ದರೆ, ಹೊಸ ನೀರಿಗೂ ಮೊದಲೇ ಹೆಪ್ಪು ಎತ್ತಿಟ್ಟಿದ್ದೇಕೆ ಎಂಬ ಪ್ರಶ್ನೆ ಹುಟ್ಟುತ್ತಿತ್ತು. ಎರಡನೆಯ ಕೆಲಸ, ಎಸ್ಟೇಟಿನ ಸ್ಟೋರಿಗೆ ಹೋಗಿ, ಯಾರೂ ಇಲ್ಲದಾಗ ಡ್ರಮ್ಮನ್ನು ಸಿಹಿನೀರಿನಲ್ಲಿ ಗಲಬರಿಸಿ, ಅಂಚಿನ ಸಂದಿಗೆ ಒಂದಿಷ್ಟು ನೀರು ನಿಲ್ಲಿಸಿ ಕತ್ತಿಯ ಮೊನೆ ಅದ್ದಿದ್ದು. ಹೊರತೆಗೆದಾಗ ಅಲಗು ಹೊಸ ತಾಮ್ರದ ಚೊಂಬಿನ ಬಣ್ಣಕ್ಕಿತ್ತು. ಕಿಟ್ ತೆಗೆಯುವ ಅಗತ್ಯ ಬೀಳಲಿಲ್ಲ. ಕತ್ತಿಯನ್ನು ಮಣ್ಣಿನಲ್ಲಿ ಉಜ್ಜಿ ಜಾಗಕ್ಕಿಟ್ಟೆ.

ಆ ಒಂದು ಬಾಟಲಿ ಎರಡಾಯಿತು, ನಾಲ್ಕಾಯಿತು, ತಿಂಗಳಲ್ಲಿ ಹನ್ನೆರಡಾಯಿತು. ಟ್ಯಾಂಕಿಗೆ ಹೊಸ ಹವಳ ಬಂದವು.

ಮರುವರ್ಷ ಜನವರಿಯಲ್ಲಿ ಕುಶಾಲನಗರಕ್ಕೆ ಹೋದವಳು ಶಿರಂಗಾಲದವರೆಗೂ ಹೋದೆ. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ, ಅಷ್ಟೇ ಕಾರಣ. ಜಯಮ್ಮ ಅಣ್ಣನ ಮನೆಯಲ್ಲಿದ್ದುಕೊಂಡು ಶುಂಠಿ ಅಗೆಯುವ ಕೂಲಿಗೆ ಹೋಗುತ್ತಿದ್ದಳು. ಮಗಳು ಕಾಲೇಜು ಬಿಟ್ಟು ಕುಶಾಲನಗರದ ಬಟ್ಟೆ ಅಂಗಡಿ ಸೇರಿದ್ದಳು. ಹೊಲದ ಬದುವಿನಲ್ಲಿ ನಿಂತು, ತಪ್ಪು ನನ್ನದು, ವಾಪಸ್ ಬಾ ಎಂದೆ.

ಅವಳು ಕೈಯ ಮಣ್ಣು ಒರೆಸಿಕೊಂಡು ಕೇಳಿದ್ದು, "ಆ ಬಾಟ್ಲು ಬದುಕ್ತಾ?"

ಬದುಕಿತು ಎಂದೆ. ನನ್ನ ಮೇಲೆ ಅಷ್ಟು ಸಿಟ್ಟಿದ್ದೂ ಯಾಕೆ ತಂದಿಟ್ಟೆ ಎಂದು ಕೇಳಿದೆ. ಅದೇನು ತಪ್ಪು ಮಾಡಿತ್ತು, ಕಿಟಕಿಯಲ್ಲೇ ಬಿಟ್ಟುಬಂದಿದ್ದರೆ ಸಾಯುತ್ತಿತ್ತಲ್ಲ ಎಂದಳು. ಆಮೇಲೆ ಹೇಳಿದಳು: "ನನ್ನ ಸುಳ್ಳಿ ಮಾಡಿದ್ದು ಸಾವ್ಕಾರ್ರ ಜಗಲೀಲಿ. ಅದೇ ಜಗಲೀಲಿ ನಿಂತು ಹೇಳಿ, ಬರ್ತೀನಿ. ಈ ಶುಂಠಿ ಹೊಲದಾಗೆ ಹೇಳಿದ್ರೆ ಯಾರಿಗೆ ಕೇಳ್ತೈತೆ?"

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮುಂದಿನ ವಾರ ಬಾಟಲಿಗಳನ್ನು ಹಿಡಿದುಕೊಂಡು ಆ ಜಗಲಿ ಹತ್ತಿದೆ. ಬೋಪಯ್ಯನವರು ನೆಂಟರೊಡನೆ ಕೂತಿದ್ದರು. ನನ್ನನ್ನು ತೋರಿಸಿ, "ಎಲ್ಲಾ ಸತ್ತಾಗಲೂ ಮೇಡಂ ಒಂದು ಬಾಟಲಿ ಬೇರೆ ಕಡೆ ಇಟ್ಟಿದ್ರು. ಎಕ್ಸ್‌ಪೀರಿಯನ್ಸ್ ಅಂದ್ರೆ ಇದು" ಎಂದರು. ನೆಂಟರು ತಲೆದೂಗಿದರು. ಕಾಫಿ ಬಂತು. ಚೆನ್ನಾಗಿತ್ತು. ಕುಡಿದು ಬಂದೆ.

ಈಗ ಪಾಚಿ ಬೆಳೆಸಲು ಕಲಿಯಬೇಕೆಂದು ಕೆಲವರು ನನ್ನ ಬಳಿ ಬರುತ್ತಾರೆ. ಅವರಿಗೆ ಮೊದಲು ಹೇಳುವುದು, ಹೊಸ ಪಾತ್ರೆಯನ್ನು ಪರೀಕ್ಷಿಸದೆ ಬಳಸಬೇಡಿ ಎಂದು. ಇದು ನನಗೆ ಆಗಲೂ ಗೊತ್ತಿದ್ದ ಪಾಠ. ಆ ಮೇ ತಿಂಗಳು ಕಲಿಸಿದ್ದು ಎರಡನೆಯದನ್ನು: ಒಂದು ಬಾಟಲಿ ಹೆಪ್ಪನ್ನು ಯಾವಾಗಲೂ ಬೇರೆಯವರ ಮನೆಯಲ್ಲಿ ಇಡಿ. ಯಾರ ಮನೆಯಲ್ಲಿ ಎಂದು ಕೇಳುತ್ತಾರೆ. ನಿಮ್ಮ ಮಾತನ್ನು ನಂಬದವರ ಮನೆಯಲ್ಲಿ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಹೋಗುವಾಗ ಪ್ರತಿಯೊಬ್ಬರಿಗೂ ಒಂದು ಬಾಟಲಿ ಕೊಟ್ಟು ಕಳಿಸುತ್ತೇನೆ, ಮೇಲೆ ನನ್ನ ಹೆಸರಿನ ಚೀಟಿ ಇರುತ್ತದೆ.