ಹಿಂದಿನ ಸೀಟಿನವಳಿಗೆ ದಾರಿ

ನನ್ನ ಅತ್ತೆಯ ಬಲಗೈ ತೋರುಬೆರಳು ವರ್ಷಗಟ್ಟಲೆ ಬೀಡಿ ಕಟ್ಟಿ ತುದಿಯಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ದೋಹಾದಲ್ಲಿ ಅದರಿಂದ ದೊಡ್ಡ ಫಜೀತಿ. ನಾನು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ಪ್ರತಿ ರೌಂಡ್‌ಅಬೌಟಿನಲ್ಲೂ ದಾರಿ ಹೇಳುತ್ತಿದ್ದರು. ಬಾಯಲ್ಲಿ "ಬಲಕ್ಕೆ ಮಗಾ, ಬಲಕ್ಕೆ". ಬೆರಳು ಮಾತ್ರ ಎಡಕ್ಕೆ.

ಮನೆಯಲ್ಲಿ ನನ್ನನ್ನು "ಏ ಇವಳೇ" ಎಂದು ಕರೆಯುತ್ತಿದ್ದವರು ಕಾರಿನಲ್ಲಿ "ಮಗಾ" ಅಂದರೆ ನಾನು ಉಬ್ಬಿಹೋಗುತ್ತಿದ್ದೆ. ಆದರೂ ಲುಸೈಲಿನಿಂದ ಬರುವಾಗ ಒಂದು ಸಂಜೆ, ಆಫೀಸಿನ ತಲೆಬಿಸಿಯಲ್ಲಿ, ರೇಗಿದೆ: "ನನಗೆ ದಾರಿ ಗೊತ್ತುಂಟು ಅತ್ತೆ!"

"ನಿನಗೆ ಯಾರು ಹೇಳಿದ್ದು ಮಾರಾಯ್ತಿ? ಹಿಂದೆ ಕೂತವಳಿಗೆ ಹೇಳಿದ್ದು."

ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಕುಬ್ಬೂಸ್ ರೊಟ್ಟಿಯ ಪ್ಯಾಕೆಟ್ ಬಿಟ್ಟರೆ ಏನೂ ಇರಲಿಲ್ಲ.

ಹಿಂದೆ ಕೂತವಳು ನನ್ನ ಗಂಡನ ಮೊದಲ ಹೆಂಡತಿ. ಬಸುರಿಯಾಗಿದ್ದಾಗಲೇ ತೀರಿಕೊಂಡವಳು. ಅಂಥವರು ದೆವ್ವವಾಗಿ ಮರಳುತ್ತಾರೆಂದು ಊರಿನ ಹಿರಿಯರು ಅವಳನ್ನು ಸುಡದೆ, ಮೂರು ಮಾರ್ಗ ಕೂಡುವಲ್ಲಿ ಹೂಳಿಸಿದ್ದರು. ಮನೆಯ ಮಾರ್ಗ ಯಾವುದೆಂದು ತಿಳಿಯದೆ ಅಲ್ಲೇ ಸುತ್ತುತ್ತಿರಲಿ ಎಂದು. ಮೇಲೆ ಸಾಸಿವೆ ಬೇರೆ ಚೆಲ್ಲಿದ್ದರಂತೆ, ಅವಳು ಒಂದೊಂದೇ ಕಾಳು ಹೆಕ್ಕುವಷ್ಟರಲ್ಲಿ ಬೆಳಗಾಗಲಿ ಎಂದು.

"ನನ್ನ ಹಿಂದೆಯೇ ಬಂದಿದ್ದಾಳೆ ಪಾಪ. ಊರವರೆಲ್ಲ ದಾರಿ ತಪ್ಪಿಸಿದ್ರು. ನಾನಾದ್ರೂ ಹೇಳ್ಬೇಡವಾ?" ಅಂದರು ಅತ್ತೆ.

ನನಗೆ ಹೆದರಿಕೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಅವಳ ಕೋಳಿ ಗಸಿ, ಅವಳ ಜಡೆ, ಅವಳ ನಗು ಎಂದು ಕೇಳಿ ಕೇಳಿ ಮೊದಲೇ ಸಾಕಾಗಿಹೋಗಿತ್ತು. ಈಗ ನನ್ನ ಕಾರಿನಲ್ಲೂ ಅವಳೇ! ಆ "ಮಗಾ" ಕೂಡ ಅವಳದೇ! ಮರುದಿನ ಹಿಂದಿನ ಸೀಟಿನ ತುಂಬ ಅಕ್ಕಿಚೀಲ, ನೀರಿನ ಕ್ಯಾನು ಒಟ್ಟಿದೆ, ಅವಳಿಗೆ ಕೂರಲು ಜಾಗವಿರಬಾರದೆಂದು. ಅತ್ತೆ ಅಕ್ಕಿಚೀಲವನ್ನು ಎಳೆದು ತಮ್ಮ ಕಾಲಬುಡದಲ್ಲಿ ಇಟ್ಟುಕೊಂಡರು.

"ನಾನು ಸತ್ತರೆ ನನಗೂ ಹೀಗೆ ದಾರಿ ಹೇಳ್ತೀರಾ?" ಒಮ್ಮೆ ಕೇಳಿಯೇಬಿಟ್ಟೆ.

"ನಿನಗೆ ಎಂತಕ್ಕೆ? ಲೈಸೆನ್ಸ್ ಉಂಟಲ್ಲ!" ಎಂದು ಸೊಟ್ಟ ಬೆರಳಿನಿಂದ ನನ್ನ ಕೆನ್ನೆ ತಿವಿದರು.

ಕಳೆದ ಚಳಿಗಾಲದಲ್ಲಿ ಅತ್ತೆ ಅಲ್ ರಯ್ಯಾನಿನ ನಮ್ಮ ಮನೆಯಲ್ಲೇ, ನಿದ್ದೆಯಲ್ಲಿ ಹೋದರು. ಗಂಡ ದೇಹವನ್ನು ಊರಿಗೆ ಒಯ್ದರು. ಇಬ್ಬರನ್ನೂ ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟು ಒಬ್ಬಳೇ ಮರಳುವಾಗ ಒಂದು ಯೋಚನೆ ತಲೆಗೆ ಹೊಕ್ಕಿತು. ಊರು ಎಂದರೆ ಆ ಮೊದಲಿನವಳ ಜಾಗ. ಅತ್ತೆಯನ್ನು ಅವಳು ಅಲ್ಲೇ ಉಳಿಸಿಕೊಂಡುಬಿಟ್ಟರೆ?

ಮೊದಲ ರೌಂಡ್‌ಅಬೌಟ್ ಬಂತು. ಹಿಂದಿನ ಸೀಟು ಖಾಲಿಯಿತ್ತು. ಗಾಜು ಇಳಿಸಿ ಜೋರಾಗಿಯೇ ಹೇಳಿದೆ: "ಬಲಕ್ಕೆ ಅತ್ತೆ, ಬಲಕ್ಕೆ. ಮೊದಲು ನನ್ನ ಮನೆಗೆ ಬನ್ನಿ. ಅವಳ ಹತ್ತಿರ ಆಮೇಲೆ ಹೋದರಾಯ್ತು."